ಎಲೆಕ್ಟ್ರಾನಿಕ್ ಡ್ರಮ್ಸ್ ರೆಕಾರ್ಡಿಂಗ್‌ಗೆ ಮಿಡಿ ಒಂದೇ ಸಾಕಾ, ಇಲ್ಲಾ 8 ಇನ್‌ಪುಟ್ ಇಂಟರ್‌ಫೇಸ್ (ಸದ್ದನ್ನು ಲ್ಯಾಪ್‌ಟಾಪಿಗೆ ಕಳಿಸುವ ಪೆಟ್ಟಿಗೆ) ತಗೊಂಡು ಆಡಿಯೋ ಮಾಡ್ಬೇಕಾ?

ಮಿಡಿ ಒಂದೇ ಸಾಕು ಅಂತ ನಾನೂ ನಂಬಿದ್ದೆ. ಅದರಿಂದ ಒಂದು ಒಳ್ಳೆ ಕೆಲಸ ಕೈತಪ್ಪಿತು.

ನಾನು ಮಂಡ್ಯದವನು. ಆರ್ಕೆಸ್ಟ್ರಾಗಳಿಗೆ ಪ್ಯಾಡ್ ನುಡಿಸುತ್ತೇನೆ, ಮನೆಯ ಮಹಡಿ ಮೇಲಿನ ರೂಮಿನಲ್ಲೇ ರೆಕಾರ್ಡಿಂಗ್ ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಒಬ್ಬ ಗಾಯಕರು ಮಾದಪ್ಪನ ಹಾಡುಗಳನ್ನು ಮಾಡಿಸಬೇಕು ಅಂತ ಬಂದರು. ಆಗ ನನ್ನ ಹತ್ತಿರ ಸ್ವಂತ ಕಿಟ್ ಇರಲಿಲ್ಲ. ಮೈಸೂರಿನ ಗೆಳೆಯನ ಎಲೆಕ್ಟ್ರಾನಿಕ್ ಕಿಟ್ ತಂದಿದ್ದೆ. ಅವನು ತನ್ನೂರಿನ ತಮಟೆಯವರ ಕೈಲಿ ಬಾರಿಸಿಸಿ, ಆ ಸದ್ದನ್ನು ಮಾಡ್ಯೂಲ್ (ಕಿಟ್ಟಿಗೆ ಸದ್ದು ಕೊಡುವ ಪೆಟ್ಟಿಗೆ) ಒಳಗೆ ಹಾಕಿಕೊಂಡಿದ್ದ. ಅದನ್ನು ಒಂದು ಪ್ಯಾಡಿಗೆ ಕೊಟ್ಟು ನುಡಿಸಿದೆ. ಕಂಸಾಳೆ ಜೊತೆ ಎಷ್ಟು ಚೆನ್ನಾಗಿ ಕೂತಿತು ಅಂದರೆ, ಗಾಯಕರು ಅದನ್ನು ಕೇಳಿಯೇ ಹಾಡಿನ ವೇಗ ಸ್ವಲ್ಪ ಏರಿಸಿಕೊಂಡರು.

ಲ್ಯಾಪ್‌ಟಾಪಿಗೆ ಒಂದೇ ಯುಎಸ್‌ಬಿ ಕೇಬಲ್ ಹಾಕಿ ಬರೀ ಮಿಡಿ ರೆಕಾರ್ಡ್ ಮಾಡಿದೆ. ಸೌಂಡ್ ಆಮೇಲೆ ಹೇಗೆ ಬೇಕೋ ಹಾಗೆ ಮಾಡ್ಕೊಬಹುದಲ್ವಾ ಅನ್ನೋ ಧೈರ್ಯ. ಗಣೇಶನ ಹಬ್ಬದ ಸೀಸನ್ ಬಂತು, ಕಿಟ್ ವಾಪಸ್ ಕೊಟ್ಟೆ. ಅಲ್ಲಿ ಇನ್ನೊಬ್ಬರು ನುಡಿಸುವಾಗ ಮಾಡ್ಯೂಲಿನ ಅದೇ ಜಾಗಕ್ಕೆ ಬೇರೆ ಸೌಂಡ್ ಹಾಕಿಬಿಟ್ಟರು. ತಮಟೆ ಹೋಯಿತು.

ಇಲ್ಲಿ ಏನಾಯಿತು ಅಂತ ಬಿಡಿಸಿ ಹೇಳಲೇಬೇಕು. ಮಿಡಿಯಲ್ಲಿ ಸದ್ದು ಅನ್ನೋದೇ ಇರುವುದಿಲ್ಲ. ಯಾವ ನಂಬರಿನ ಪ್ಯಾಡ್, ಎಷ್ಟು ಜೋರಾಗಿ ಹೊಡೆದಿರಿ, ಯಾವಾಗ ಹೊಡೆದಿರಿ, ಅಷ್ಟೇ. ಜೋರು ಅನ್ನೋದು 1ರಿಂದ 127ರವರೆಗಿನ ಒಂದು ಅಂಕಿ. ಹಾಡಿನ ಸ್ವರಲಿಪಿ ಇದ್ದ ಹಾಗೆ, ಅದರಲ್ಲಿ ಹಾಡಿದವರ ಗಂಟಲು ಇಲ್ಲ. ನನ್ನ ತಮಟೆಯ ನಂಬರ್ 60 ಆಗಿತ್ತು. ಯಾವ ನಂಬರಿಗೆ ಯಾವ ವಾದ್ಯ ಅಂತ ಹೇಳುವ ಜನರಲ್ ಮಿಡಿ ಪಟ್ಟಿಯಲ್ಲಿ 36 ಕಿಕ್, 38 ಸ್ನೇರ್, 60 ಅಂದರೆ ಬಾಂಗೋ. ಲ್ಯಾಪ್‌ಟಾಪಿನ ಡ್ರಮ್ ಸೌಂಡ್‌ನಲ್ಲಿ ಪ್ಲೇ ಮಾಡಿದರೆ ಮಾದಪ್ಪನ ಹಾಡಿಗೆ ಬಾಂಗೋ ಬಾರಿಸಿದ ಹಾಗೆ ಕೇಳಿತು! ಹೈ-ಹ್ಯಾಟ್ ಅಂತೂ ಅರ್ಧ ಮಾಯ. ಅದರ ಅಂಚಿಗೆ ಹೊಡೆದಾಗ ಆ ಮಾಡ್ಯೂಲ್ 22, 26 ಅಂತ ಕಳಿಸುತ್ತಿತ್ತು. ಜನರಲ್ ಮಿಡಿಯ ಡ್ರಮ್ ಪಟ್ಟಿ ಶುರುವಾಗುವುದೇ 35ರಿಂದ. ನಂಬರ್ ಬದಲಿಸಿ ಹೈ-ಹ್ಯಾಟ್ ಸರಿ ಮಾಡಿದೆ. ತಮಟೆಯನ್ನು ಎಲ್ಲಿಂದ ತರಲಿ? ಬೇರೆ ಸ್ಯಾಂಪಲ್‌ಗಳನ್ನು (ಮೊದಲೇ ರೆಕಾರ್ಡ್ ಆದ ಸದ್ದುಗಳನ್ನು) ಹಾಕಿ ಕೇಳಿಸಿದೆ. ಗಾಯಕರು ಬೈಯಲಿಲ್ಲ, ಹಾಡುಗಳನ್ನು ಬೇರೆ ಕಡೆ ಮಾಡಿಸಿದರು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಿಡಿಯೋ ಆಡಿಯೋನೋ ಅಂತ ಆರಿಸಬೇಡಿ. ಎರಡನ್ನೂ ಒಟ್ಟಿಗೇ ಹಿಡಿಯಿರಿ. ಮಾಡ್ಯೂಲಿನ ಎಡ, ಬಲ ಔಟ್‌ನಿಂದ ಎರಡು ಕೇಬಲ್ ಇಂಟರ್‌ಫೇಸಿಗೆ, ಯುಎಸ್‌ಬಿ ಕೇಬಲ್ ಲ್ಯಾಪ್‌ಟಾಪಿಗೆ. ಸಾಫ್ಟ್‌ವೇರಿನಲ್ಲಿ ಒಂದು ಆಡಿಯೋ ಟ್ರ್ಯಾಕ್, ಒಂದು ಮಿಡಿ ಟ್ರ್ಯಾಕ್, ಎರಡೂ ಒಟ್ಟಿಗೇ ರೆಕಾರ್ಡ್ ಆಗಲಿ. ಮಾಡ್ಯೂಲಿನ ರಿವರ್ಬ್ (ಮಾರ್ದನಿ) ಆಫ್ ಮಾಡಿ, ಒಮ್ಮೆ ಆಡಿಯೋಗೆ ಸೇರಿದರೆ ತೆಗೆಯಲು ಆಗುವುದಿಲ್ಲ. ಹಾಡು ಶುರುವಾಗುವ ಮುಂಚೆ ಸ್ನೇರ್ ಮೇಲೆ ನಾಲ್ಕು ಏಟು ಹೊಡೆಯಿರಿ. ಎರಡು ಟ್ರ್ಯಾಕ್ ಹಿಂದೆಮುಂದೆ ಆದರೆ ಆ ಏಟುಗಳನ್ನು ನೋಡಿ ಕೂಡಿಸಬಹುದು.

8 ಇನ್‌ಪುಟ್ ಇಂಟರ್‌ಫೇಸ್ ಬೇಡವೇ ಬೇಡ. ಕಿಕ್, ಸ್ನೇರ್ ಬೇರೆ ಬೇರೆ ಬೇಕು ಅಂದರೆ, ರೆಕಾರ್ಡ್ ಆದ ಮಿಡಿಯನ್ನು ಮಾಡ್ಯೂಲಿಗೇ ವಾಪಸ್ ಕಳಿಸಿ. ಮೊದಲು ಕಿಕ್ ನೋಟ್ ಮಾತ್ರ ಕಳಿಸಿ ಅದರ ಆಡಿಯೋ ಹಿಡಿಯಿರಿ, ಆಮೇಲೆ ಸ್ನೇರ್, ಆಮೇಲೆ ಉಳಿದದ್ದು. ಮಾಡ್ಯೂಲ್ ತಾನೇ ನುಡಿಸಿಕೊಳ್ಳುತ್ತದೆ, ನೀವು ಸುಮ್ನೆ ಕೂತಿರಬಹುದು. ಎರಡು ಇನ್‌ಪುಟ್ ಇದ್ದರೆ ಸಾಕು. ಆದರೆ ಮೊದಲ ಸಲ ನುಡಿಸುವಾಗ ಮಿಡಿ ಟ್ರ್ಯಾಕಿನ ಮಾನಿಟರಿಂಗ್ (ಬಂದ ಮಿಡಿಯನ್ನು ಆಗಲೇ ಮಾಡ್ಯೂಲಿಗೆ ವಾಪಸ್ ಕಳಿಸುವುದು) ಆಫ್ ಇರಲಿ. ಇಲ್ಲಾಂದ್ರೆ ನಿಮ್ಮ ಏಟೇ ವಾಪಸ್ ಬಂದು ಒಂದೊಂದು ಸದ್ದೂ ಎರಡೆರಡು ಸಲ ಕೇಳುತ್ತದೆ.

ನುಡಿಸುವಾಗ ಪ್ಲಗಿನ್ (ಲ್ಯಾಪ್‌ಟಾಪಿನ ಡ್ರಮ್ ಸಾಫ್ಟ್‌ವೇರ್) ಸೌಂಡ್ ಕೇಳಬೇಡಿ. 44.1 ಕಿಲೋಹರ್ಟ್ಜ್‌ನಲ್ಲಿ ಬಫರ್ (ಲ್ಯಾಪ್‌ಟಾಪ್ ಒಂದು ಸಲಕ್ಕೆ ಕೂಡಿಸಿಕೊಳ್ಳುವ ಸದ್ದಿನ ತುಂಡು) 1024 ಇದ್ದರೆ ಅದೊಂದರಿಂದಲೇ 23 ಮಿಲಿಸೆಕೆಂಡ್ ತಡ. ಕೈ ತಾನಾಗಿಯೇ ಮುಂದೆ ಓಡುತ್ತದೆ. ಲ್ಯಾಪ್‌ಟಾಪ್ ಸುತ್ತಿ ಬರದೆ ಸದ್ದು ನೇರ ಹೆಡ್‌ಫೋನಿಗೆ ಬರುವ, ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್‌ನಲ್ಲಿ ಮಾಡ್ಯೂಲನ್ನೇ ಕೇಳಿ. ಸಾಫ್ಟ್‌ವೇರಿನ ಕ್ಲಿಕ್ (ತಾಳ ಹಿಡಿಯುವ ಟಿಕ್ ಟಿಕ್ ಸದ್ದು) ಕೂಡ ಅದೇ ಹೆಡ್‌ಫೋನಿಗೆ ಬರುತ್ತದೆ, ರೆಕಾರ್ಡ್ ಆಗುವುದಿಲ್ಲ.

ಮಿಡಿ ಕೈಯಲ್ಲಿದೆ ಅಂತ ಎಲ್ಲವನ್ನೂ ಗ್ರಿಡ್ಡಿಗೆ (ಸಾಫ್ಟ್‌ವೇರಿನ ಸಮ ಅಂತರದ ತಾಳದ ಗೆರೆಗಳಿಗೆ) ಎಳೆದು ಕೂರಿಸುವುದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ತಪ್ಪಿದ ಏಟು ಮಾತ್ರ ಸರಿ ಮಾಡಿ. ಜನಪದ ಹಾಡಿನ ನಡೆಯಲ್ಲಿ ಒಂದು ತೂಗಾಟ ಇರುತ್ತದೆ, ಗ್ರಿಡ್ಡಿಗೆ ಕೂರಿಸಿದರೆ ಅದು ಸತ್ತೇ ಹೋಗುತ್ತದೆ.

ಇಂಟರ್‌ಫೇಸಿನಲ್ಲಿ ಉಳಿದ ದುಡ್ಡಿಗೆ ಒಳ್ಳೆ ಹೆಡ್‌ಫೋನ್, ಕಿಕ್ ಪೆಡಲ್ ಕೆಳಗೆ ಹಾಕಲು ದಪ್ಪ ರಬ್ಬರ್ ಮ್ಯಾಟ್ ತಗೊಳ್ಳಿ. ಪ್ಯಾಡ್ ಸದ್ದು ಕಮ್ಮಿಯಾದರೂ ಕಿಕ್‌ನ ಗುದ್ದು ನೆಲಕ್ಕೆ ಇಳಿದು ಕೆಳಗಿನ ಮನೆಗೆ ಕೇಳುತ್ತದೆ. ಕಿಟ್ ಬಾಡಿಗೆಯದಾದರೆ, ವಾಪಸ್ ಕೊಡುವ ಮುಂಚೆ ಅದರ ಸೆಟ್ಟಿಂಗ್, ಸ್ಯಾಂಪಲ್ ಎಲ್ಲವನ್ನೂ ಪೆನ್‌ಡ್ರೈವಿಗೆ ಸೇವ್ ಮಾಡಿಕೊಳ್ಳಿ.