ಉತ್ತರ: ನೆಟ್‌ಮೆಟಾದಲ್ಲಿ ‘ಎರಡು ಪ್ರತ್ಯೇಕ ಉಪಜಾಲಗಳಿವೆ’ ಎಂಬ ಎರರ್
ಹಲವು ಟ್ರಯಲ್‌ಗಳ ಚಿಕಿತ್ಸೆಗಳನ್ನು ಒಂದೇ ಜಾಲವಾಗಿ ಹೆಣೆದು ಹೋಲಿಸುವ ನೆಟ್‌ಮೆಟಾ (ಆರ್ ಎಂಬ ಅಂಕಿಅಂಶ ಭಾಷೆಯ ಪ್ಯಾಕೇಜ್) ಈ ಎರರ್ ಏಕೆ ಕೊಡುತ್ತಿದೆ ಎಂದು ಕೇಳಿದ್ದೀರಿ. ಅದಕ್ಕೆ ಸಾಮಾನ್ಯ ಕಾರಣ, ಚಿಕಿತ್ಸೆಯ ಹೆಸರು ಎಲ್ಲ ಸಾಲಿನಲ್ಲೂ ಒಂದೇ ರೀತಿ ಇಲ್ಲದಿರುವುದು. ನಿಮ್ಮ ರಕ್ತದೊತ್ತಡದ ಔಷಧಿಗಳ ಶೀಟ್‌ನಲ್ಲಿ ‘ಪ್ಲಸೀಬೊ’ದ ಕೊನೆಗೆ ಒಂದು ಸ್ಪೇಸ್ ಉಳಿದಿದ್ದರೂ ಸಾಕು, ಆರ್ ಅದನ್ನು ಬೇರೆಯೇ ಚಿಕಿತ್ಸೆ ಎಂದು ಎಣಿಸುತ್ತದೆ. ಜಾಲವನ್ನು ಹಿಡಿದಿಟ್ಟ ಗಂಟೇ ಬಿಚ್ಚಿಹೋಗುತ್ತದೆ.

ಮೊದಲು ಆ ಕಾಲಂ ಮೇಲೆ ಯುನೀಕ್ ಫಂಕ್ಷನ್ ಓಡಿಸಿ ಹೆಸರುಗಳನ್ನು ಒಂದೊಂದಾಗಿ ನೋಡಿ. ಟ್ರಿಮ್‌ಡಬ್ಲ್ಯೂಎಸ್‌ನಿಂದ ಸ್ಪೇಸ್ ತೆಗೆಯಿರಿ, ಟುಲೋವರ್‌ನಿಂದ ದೊಡ್ಡ-ಚಿಕ್ಕ ಅಕ್ಷರದ ವ್ಯತ್ಯಾಸ ಹೋಗುತ್ತದೆ. ಆಮೇಲೆ ಟ್ರಯಲ್‌ನ ಗುಂಪುಗಳನ್ನು ಜೋಡಿ ಹೋಲಿಕೆಗಳ ಸಾಲುಗಳಾಗಿಸುವ ಪೇರ್‌ವೈಸ್ ಮತ್ತೆ ಓಡಿಸಿ. ಮೂರು ಗುಂಪಿನ ಟ್ರಯಲ್ ಇದ್ದರೆ ಅದು ಮೂರೂ ಹೋಲಿಕೆಗಳನ್ನು ತಾನೇ ಬರೆಯುತ್ತದೆ. ಕೈಯಿಂದ ಎರಡೇ ಸಾಲು ತುಂಬಿಸಿದರೆ ಮುಂದಿನ ಎರರ್ ಅಲ್ಲೇ ಬರುತ್ತದೆ. ನಂತರ ಜಾಲ ಒಂದಾಗಿದೆಯೇ ಎಂದು ನೋಡುವ ನೆಟ್‌ಕನೆಕ್ಷನ್ ಓಡಿಸಿ: ಉಪಜಾಲಗಳ ಸಂಖ್ಯೆ 1 ಬರಬೇಕು.

ಆಗಲೂ 2 ಬಂದರೆ ಕೊರತೆ ನಿಜವಾದದ್ದೇ, ಎರಡು ತುಂಡುಗಳಿಗೂ ಸಮಾನವಾದ ಚಿಕಿತ್ಸೆ ಒಂದೂ ಇಲ್ಲ. ದಯವಿಟ್ಟು ಎಲ್ಲವನ್ನೂ ‘ಕಂಟ್ರೋಲ್’ ಎಂದು ಒಟ್ಟುಹಾಕಿ ಜಾಲ ಬೆಸೆಯಬೇಡಿ. ಪ್ಲಸೀಬೊ ಬೇರೆ, ಎಂದಿನ ಚಿಕಿತ್ಸೆ ಬೇರೆ. ತಪ್ಪು ಹೋಲಿಕೆಯ ಪೆಟ್ಟು ಕೊನೆಗೆ ಬೀಳುವುದು ರೋಗಿಗೆ. ಕೊಂಡಿಯಾಗುವ ಟ್ರಯಲ್ ಹುಡುಕಿ, ಸಿಗದಿದ್ದರೆ ಎರಡನ್ನೂ ಬೇರೆಯಾಗಿಯೇ ವಿಶ್ಲೇಷಿಸಿ. ಒಂದೇ ಔಷಧಿ ಎರಡೂ ಕಡೆ ಸಂಯೋಜನೆಗಳಲ್ಲಿ ಬಂದಿದ್ದರೆ ತುಂಡಾದ ಜಾಲಗಳಿಗೆಂದೇ ಇರುವ ಡಿಸ್‌ಕಾಂಬ್ ಫಂಕ್ಷನ್ ಪ್ರಯತ್ನಿಸಬಹುದು. ಆದರೆ ಅದು ಪರಿಣಾಮಗಳು ಸರಳವಾಗಿ ಕೂಡುತ್ತವೆ ಎಂದು ನಂಬಿ ನಡೆಯುತ್ತದೆ, ನಿಮ್ಮ ಔಷಧಿಗಳಿಗೆ ಅದು ಹೊಂದುತ್ತದೆಯೇ ಎಂಬುದನ್ನು ಶೀಟ್ ನೋಡಿ ಹೇಳಲಾಗದು.

ಜಾಲ ಒಂದಾದ ಮೇಲೆ ನೆಟ್‌ಸ್ಪ್ಲಿಟ್ ಓಡಿಸಿ. ಅದು ತೋರಿಸುವ ನೇರ (ಒಂದೇ ಟ್ರಯಲ್‌ನಲ್ಲಿ ಹೋಲಿಸಿದ) ಮತ್ತು ಪರೋಕ್ಷ (ಬೇರೆ ಚಿಕಿತ್ಸೆಯ ಮೂಲಕ ಬಂದ) ಅಂದಾಜುಗಳು ತಾಳೆಯಾದರೆ ಮಾತ್ರ ಪಿ-ಸ್ಕೋರ್ (ಯಾವ ಚಿಕಿತ್ಸೆ ಮೇಲು ಎಂದು ತೋರಿಸುವ ಅಂಕ) ಶ್ರೇಯಾಂಕಕ್ಕೆ ಹೋಗಿ.