ಕಮ್ಮಟದ ಟಿಪ್ಪಣಿಗಳನ್ನು ಓದುವ ಬಗೆ

ಪ್ರಶ್ನೆ: ವಿಶ್ವವಿದ್ಯಾಲಯದ ಕಥಾ ಕಮ್ಮಟದಲ್ಲಿ ನನ್ನ ಕತೆಯ ಬಗ್ಗೆ ಸಹಪಾಠಿಗಳು ತಲೆಗೊಂದರಂತೆ ಸಲಹೆ ಕೊಟ್ಟರು. ಎಲ್ಲವನ್ನೂ ಅಳವಡಿಸಿಕೊಂಡೆ. ಕತೆ ಮೊದಲಿಗಿಂತ ಕೆಟ್ಟಿದೆ. ಯಾರ ಮಾತು ಕೇಳಬೇಕಿತ್ತು?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಪ್ರತಿ ಸಲವೂ ‘ಯಾರ ಮಾತು’ ಎಂದೇ ಕೇಳುತ್ತಾರೆ ಎಂಬುದು ನನಗೆ ಬೇಸರದ ಸಂಗತಿ. ಕಮ್ಮಟದ ಓದುಗರು ಎರಡು ಸಂಗತಿಗಳನ್ನು ಬೆರೆಸಿ ಹೇಳುತ್ತಾರೆ: ತಾವು ಎಲ್ಲಿ ಎಡವಿದೆವು ಎಂಬುದು ಒಂದು, ಅದನ್ನು ಹೇಗೆ ಸರಿಪಡಿಸಬೇಕು ಎಂಬುದು ಇನ್ನೊಂದು. ಮೊದಲನೆಯದು ಸಾಕ್ಷ್ಯ, ಅದನ್ನು ತಳ್ಳಿಹಾಕುವಂತಿಲ್ಲ. ಎರಡನೆಯದು ಊಹೆ, ಬಹಳಷ್ಟು ಸಲ ಅದು ಆ ಓದುಗರು ತಾವೇ ಬರೆಯಬೇಕೆಂದಿದ್ದ ಬೇರೊಂದು ಕತೆಗೆ ಸೇರಿದ್ದು.

ಗಂಡ ತೀರಿಕೊಂಡ ಮೇಲೆ ಅವನ ಹೊಲಿಗೆ ಯಂತ್ರವನ್ನು ಮಾರಲು ಒಪ್ಪಿದ ಹೆಂಗಸು, ಕೊಂಡವನು ಅದನ್ನು ಒಯ್ಯಲು ಬಂದಾಗ ಬಾಗಿಲು ತೆರೆಯದೆ ಕೂತುಬಿಡುತ್ತಾಳೆ ಎಂದಿಟ್ಟುಕೊಳ್ಳಿ. ಅಂತ್ಯ ಅರ್ಥವಾಗಲಿಲ್ಲ ಎಂದು ಹಲವರು ದೂರುತ್ತಾರೆ. ಅವಳ ಯೋಚನೆಗಳಿಗೆ ಒಂದು ಪ್ಯಾರಾ ಕೊಡಿ ಎಂದು ಒಬ್ಬರು, ಕನಸೊಂದನ್ನು ಸೇರಿಸಿ ಎಂದು ಇನ್ನೊಬ್ಬರು, ಕೊನೆಯ ಪುಟವನ್ನೇ ತೆಗೆಯಿರಿ ಎಂದು ಮತ್ತೊಬ್ಬರು ಹೇಳುತ್ತಾರೆ. ಕರಡನ್ನು ಕೊನೆಯಿಂದ ಹಿಂದಕ್ಕೆ ಓದುತ್ತ ಹೋದರೆ ದೋಷ ಸಿಗುವುದು ಎರಡನೆಯ ಪುಟದಲ್ಲಿ: ‘ಕೊನೆಗೂ ಬೆಲೆ ಕುದುರಿತು’ ಎಂಬ ಒಂದೇ ವಾಕ್ಯದಲ್ಲಿ ಕತೆಗಾರರು ಇಡೀ ವ್ಯಾಪಾರವನ್ನು ದಾಟಿಬಿಟ್ಟಿದ್ದಾರೆ. ಕೊಳ್ಳುವವನು ಯಂತ್ರದ ಚಕ್ರವನ್ನು ತಿರುಗಿಸಿ ನೋಡಿದಾಗ ಅವಳು ಅವನ ಕೈ ತಡೆದಳೇ, ಕೇಳದಿದ್ದರೂ ತಾನೇ ಬೆಲೆ ಇಳಿಸಿದಳೇ ಎಂಬುದನ್ನು ಓದುಗರು ಅಲ್ಲಿ ಕಂಡಿದ್ದರೆ, ಮುಚ್ಚಿದ ಬಾಗಿಲಿಗೆ ವಿವರಣೆ ಬೇಕಾಗುತ್ತಿರಲಿಲ್ಲ. ಅಂತ್ಯದ ಮೇಲಿನ ದೂರಿಗೆ ಕಾರಣ ಹೆಚ್ಚಾಗಿ ಮೊದಲರ್ಧದಲ್ಲೇ ಇರುತ್ತದೆ.

ಆದ್ದರಿಂದ ಚರ್ಚೆಯ ದಿನವೇ ಕರಡಿಗೆ ಕೈ ಹಾಕಬೇಡಿ. ಒಂದು ವಾರವಾದರೂ ಬಿಡಿ. ಆಮೇಲೆ ಒಂದೇ ಪ್ರತಿಯ ಮೇಲೆ, ಸಲಹೆಗಳನ್ನೆಲ್ಲ ಬದಿಗಿಟ್ಟು, ಓದುಗರು ನಿಂತ ಜಾಗಗಳನ್ನು ಮಾತ್ರ ಗುರುತಿಸಿ, ಗುರುತುಗಳು ಒತ್ತಾಗಿ ಬಿದ್ದ ಕಡೆ ಅದಕ್ಕಿಂತ ಹಿಂದಿನ ಪುಟಗಳನ್ನು ಹುಡುಕಿ. ದೋಷ ಸಿಕ್ಕಿದ ಮೇಲೆ ಆ ದೃಶ್ಯವನ್ನು ಹಳೆಯ ವಾಕ್ಯಗಳನ್ನು ನೋಡದೆ ಖಾಲಿ ಹಾಳೆಯ ಮೇಲೆ ಹೊಸದಾಗಿ ಬರೆಯಿರಿ. ಇದ್ದ ವಾಕ್ಯಗಳಲ್ಲಿ ವಿಶೇಷಣ ಬದಲಿಸುತ್ತ ಕೂರುವುದನ್ನು ಪರಿಷ್ಕರಣೆ ಎಂದು ಕರೆಯುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. ಆ ಕೆಲಸ ಕೊನೆಯ ಕರಡಿಗೆ ಸೇರಿದ್ದು.

ಚರ್ಚೆ ನಡೆಯುವಾಗ ಕತೆಗಾರರು ಸುಮ್ಮನಿರಬೇಕೆಂಬ ನಿಯಮ, 1936ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಬರಹಗಾರರ ಕಮ್ಮಟದ ಮಾದರಿಯೊಂದಿಗೆ ಹಲವೆಡೆ ಹರಡಿತು. ನೀವು ಬಾಯಿಬಿಟ್ಟು ವಿವರಿಸಿದ್ದು ಪುಟದಲ್ಲಿಲ್ಲವೆಂದು ತಿಳಿಯಲು ಆ ಮೌನ ಒಳ್ಳೆಯದೇ. ಆದರೆ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಕ್ರಮದಲ್ಲಿ ಕಲಾವಿದರೇ ಪ್ರಶ್ನೆ ಕೇಳುತ್ತಾರೆ, ಅಭಿಪ್ರಾಯಗಳು ಅವರ ಅನುಮತಿಯ ನಂತರ ಕೊನೆಗೆ ಬರುತ್ತವೆ. ನಿಮ್ಮ ಕಮ್ಮಟ ಒಪ್ಪಿದರೆ, ಪ್ರತಿ ಹಂಚುವಾಗಲೇ ನಿಮ್ಮ ಒಂದೆರಡು ಅನುಮಾನಗಳನ್ನು ಬರೆದು ಕೊಡಿ. ‘ಹೇಗಿದೆ?’ ಎಂದು ಮಾತ್ರ ಕೇಳಬೇಡಿ.

ಪ್ರಶ್ನೆ: ತಿದ್ದಿದಷ್ಟೂ ಸಹಜತೆ ಹೋಗುತ್ತದೆಯಂತೆ, ನಿಜವೇ?

ಉತ್ತರ: ಸುಳ್ಳು, ಓದುಗರಿಗೆ ಸಹಜವೆನಿಸುವ ಗದ್ಯದ ಹಿಂದೆ ಸಾಮಾನ್ಯವಾಗಿ ಹಲವು ಕರಡುಗಳಿರುತ್ತವೆ.

ಪ್ರಶ್ನೆ: ಅಧ್ಯಾಪಕರು ಅರ್ಧ ಕತೆ ಕತ್ತರಿಸಲು ಹೇಳಿದ್ದಾರೆ. ಒಪ್ಪಲೇ?

ಉತ್ತರ: ಅಮೆರಿಕದ ಕತೆಗಾರ ರೇಮಂಡ್ ಕಾರ್ವರ್ ಅವರ 1981ರ ಕಥಾ ಸಂಕಲನದ ಹಸ್ತಪ್ರತಿಯನ್ನು ಸಂಪಾದಕ ಗಾರ್ಡನ್ ಲಿಶ್ ಸುಮಾರು ಅರ್ಧದಷ್ಟಕ್ಕೆ ಇಳಿಸಿದ್ದರು, ಪ್ರಕಟಣೆ ನಿಲ್ಲಿಸಿ ಎಂದು ಕಾರ್ವರ್ ಪತ್ರ ಬರೆದು ಬೇಡಿಕೊಂಡಿದ್ದರು. ಮೂಲ ಪಾಠ ‘ಬಿಗಿನರ್ಸ್’ ಹೆಸರಿನಲ್ಲಿ 2009ರಲ್ಲಿ ಹೊರಬಂತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಆಮೇಲೆ ಕತ್ತರಿಸಿ. ಹಳೆಯ ಕರಡನ್ನು ಮಾತ್ರ ಅಳಿಸಬೇಡಿ.

ಪ್ರಶ್ನೆ: ಮೂವತ್ತು ದಿನಗಳಲ್ಲಿ ಬಹುಮಾನ ಗೆಲ್ಲುವ ಕತೆ ಬರೆಯಲು ಕಲಿಸುವ ಕೋರ್ಸಿಗೆ ಸೇರಬಹುದೇ?

ಉತ್ತರ: ಬೇಡ. ಬಹುಮಾನದ ಭರವಸೆ ಕೊಡುವವರು ವಂಚಕರು, ಕಲಿಯುವವರ ಆಸೆಯೇ ಅವರ ಬಂಡವಾಳ. ಯಾವುದೇ ಕೋರ್ಸಿಗೆ ಹಣ ಕಟ್ಟುವ ಮುನ್ನ ನಿಮ್ಮ ಕತೆಯ ಒಂದು ಪುಟ ಕೊಟ್ಟು ಗುರುತು ಹಾಕಿಕೊಡಲು ಕೇಳಿ. ಪುಟ ಹೊಗಳಿಕೆಯೊಂದಿಗೆ ಮಾತ್ರ ಹಿಂತಿರುಗಿದರೆ ಹಣ ಕಟ್ಟಬೇಡಿ.