ಮಾತ್ರೆ ಮುಗಿಯುವ ಮೊದಲೇ ಹೋಗು

ತಮ್ಮಾ,

ಅಕ್ಕಾ ಅಂತ ಕರೆದು ಬರೆದಿದ್ದೀಯ. ಹಾಗಾಗಿ ನಾನೂ ಬಹುವಚನ ಬಿಟ್ಟು ಬರೆಯುತ್ತೇನೆ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ಗೆ ಬಂದು ಆರು ವಾರವಾಯಿತು ಅಂದಿದ್ದೀಯ. ಕೇಳಿರುವುದು ನಾಲ್ಕು ವಿಷಯ. ವೀಸಾ ಜೊತೆ ಕಟ್ಟಿಸಿಕೊಂಡ ಆರೋಗ್ಯದ ಸರ್ಚಾರ್ಜ್‌ಗೆ ಬದಲಾಗಿ ಏನು ಸಿಗುತ್ತದೆ, ಮಗುವಿಗೆ ಸರ್ಕಾರ ಕೊಡುವ ಹಣ ನಮಗೂ ಬರುತ್ತದಾ, ಅಮ್ಮನನ್ನು ಕರೆಸಿಕೊಳ್ಳಬಹುದಾ, ಮತ್ತೆ ಟಿವಿಯಲ್ಲಿ ದಿನಾ ವಲಸೆ ಬಂದವರ ಮೇಲೆ ಹಾರಾಡುತ್ತಾರಲ್ಲ, ಅದಕ್ಕೆ ಹೆದರಬೇಕಾ. ಇವುಗಳ ನಡುವೆ ಒಂದು ಮಾತು ಹಾಗೇ ಹೇಳಿ ಮುಂದೆ ಹೋಗಿದ್ದೀಯ. ನಿನಗೆ ಬಿಪಿ ಇದೆ, ಊರಿಂದ ಮೂರು ತಿಂಗಳ ಮಾತ್ರೆ ತಂದಿದ್ದೀಯ, ಪಿಆರ್, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿ, ಆಗುವವರೆಗೂ ಇಲ್ಲಿನ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ, ಸುಮ್ನೆ ಸರ್ಕಾರದ ಲೆಕ್ಕಕ್ಕೆ ಯಾಕೆ ಸಿಗಬೇಕು ಅಂತ.

ಆ ಮಾತು ಓದಿ ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಮಿಕ್ಕಿದ್ದಕ್ಕೆಲ್ಲ ಆಮೇಲೆ ಬರುತ್ತೇನೆ. ಮೊದಲು ಇದನ್ನು ಹೇಳಿಬಿಡುತ್ತೇನೆ.

ನಾವು ರೆಡಿಂಗ್‌ಗೆ ಬಂದಿದ್ದು 2009ರ ಆಗಸ್ಟ್‌ನಲ್ಲಿ. ಕೆಲಸದ ವೀಸಾ ನನ್ನದು. ಇವರು ಅರಸೀಕೆರೆ ಹತ್ತಿರ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ನನ್ನ ಕೆಲಸಕ್ಕೋಸ್ಕರ ತಮ್ಮ ಕೆಲಸ ಬಿಟ್ಟು ಬಂದವರು. ಇವರಿಗೂ ಬಿಪಿ. ಇವರೂ ಮೂರು ತಿಂಗಳ ಮಾತ್ರೆ ತಂದಿದ್ದರು. ನವೆಂಬರ್‌ಗೆ ಮುಗಿಯಿತು. ಊರಿಂದ ಯಾರಾದರೂ ಬರುವಾಗ ತರಿಸಿಕೊಳ್ಳೋಣ ಅಂದುಕೊಂಡೆವು. ಬರುವವರು ಯಾರೂ ಸಿಗಲಿಲ್ಲ.

ನಮ್ಮ ವೀಸಾ ಮೇಲೆ ಒಂದು ಸಾಲು ಇತ್ತು. ನಿನ್ನದರಲ್ಲೂ ಇರುತ್ತದೆ. "ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್." ಸರ್ಕಾರದ ಹಣ ಮುಟ್ಟಬಾರದು ಅಂತ ನಾವು ಅರ್ಥ ಮಾಡಿಕೊಂಡೆವು. ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ನಡೆಯುವುದು ಸರ್ಕಾರದ ಹಣದಿಂದ ತಾನೇ? ಅಂದಮೇಲೆ ಅದನ್ನೂ ಮುಟ್ಟಬಾರದು ಅಂತ ನಾವೇ ತೀರ್ಮಾನ ಮಾಡಿಕೊಂಡೆವು. ಯಾರನ್ನೂ ಕೇಳಲಿಲ್ಲ. ಅದೇ ದಿನಗಳಲ್ಲಿ ಆಫೀಸಿನ ಊಟದ ಕೋಣೆಯಲ್ಲಿ ಒಬ್ಬರು ಪೇಪರ್ ಓದುತ್ತಾ, ಹೊರಗಿನವರು ಬಂದು ನಮ್ಮ ಆಸ್ಪತ್ರೆಗಳನ್ನು ತುಂಬಿಬಿಟ್ಟಿದ್ದಾರೆ ಅಂದರು. ನನ್ನನ್ನು ನೋಡಿ ಅಂದದ್ದಲ್ಲ. ಆದರೆ ಅಲ್ಲಿದ್ದ ಹೊರಗಿನವಳು ನಾನೊಬ್ಬಳೇ. ತುತ್ತು ಗಂಟಲಲ್ಲೇ ನಿಂತಿತು. ಮನೆಗೆ ಬಂದು ಇವರಿಗೆ ಹೇಳಿದೆ. ನಾವು ಯಾರ ಹಂಗೂ ಇಲ್ಲದೆ ಬದುಕೋಣ ಬಿಡು ಅಂದರು.

2010ರ ಜನವರಿ ಮೊದಲ ವಾರ. ಬರ್ಕ್‌ಶೈರ್ ಪೂರ್ತಿ ಹಿಮ. ರಾತ್ರಿ ಒಂಬತ್ತು ಗಂಟೆಗೆ ಇವರ ಕೈಯಿಂದ ಸಾರಿನ ಬಟ್ಟಲು ಜಾರಿತು. ಬಲಗೈ ಮರಗಟ್ಟಿದೆ ಅಂದರು. ಚಳಿಗೆ ಇರಬೇಕು ಅಂತ ಕೊಬ್ಬರಿ ಎಣ್ಣೆ ಬಿಸಿ ಮಾಡಿ ಉಜ್ಜಿದೆ. ಹತ್ತು ಗಂಟೆ ಹೊತ್ತಿಗೆ ಮಾತು ತೊದಲತೊಡಗಿತು. ಆಗ ಟಿವಿಯಲ್ಲಿ ಪಾರ್ಶ್ವವಾಯು (ಸ್ಟ್ರೋಕ್) ಬಗ್ಗೆ ಒಂದು ಜಾಹೀರಾತು ಬರುತ್ತಿತ್ತು. ಮನುಷ್ಯನ ತಲೆಯಲ್ಲಿ ಬೆಂಕಿ ಹತ್ತಿ ಹರಡುತ್ತಾ ಹೋಗುತ್ತದೆ. ಮುಖ ಸೊಟ್ಟಗಾಯಿತಾ, ಕೈ ಎತ್ತಲು ಆಗುತ್ತಾ, ಮಾತು ತೊದಲುತ್ತಾ ನೋಡಿ, ಹಾಗಿದ್ದರೆ ತಕ್ಷಣ 999ಕ್ಕೆ ಫೋನ್ ಮಾಡಿ ಅನ್ನುತ್ತಾರೆ. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ನನಗೆ ಗೊತ್ತಿತ್ತು ತಮ್ಮಾ. ಮೂರು ಸಲ ಫೋನ್ ಕೈಗೆತ್ತಿಕೊಂಡೆ, ಮೂರು ಸಲವೂ ಕೆಳಗಿಟ್ಟೆ. ಬಿಲ್ ಎಷ್ಟಾಗುತ್ತೋ, ಆಂಬ್ಯುಲೆನ್ಸ್ ಬಂದರೆ ವೀಸಾ ಹೋಗುತ್ತೋ ಅಂತ. ಇವರೂ ತೊದಲುತ್ತಲೇ ಬೇಡ ಬೇಡ ಅಂದರು.

ಮೂರು ಗಂಟೆಗೆ ಊರಲ್ಲಿ ಬೆಳಕಾಗಿರುತ್ತದೆ ಅಂತ ನಮ್ಮ ಭಾವನವರಿಗೆ ಫೋನ್ ಮಾಡಿದೆ. "ನಿನಗೇನು ಬುದ್ಧಿ ಇಲ್ವಾ, ಆಸ್ಪತ್ರೆಗೆ ಕರ್ಕೊಂಡು ಹೋಗಮ್ಮ" ಅಂತ ಕೂಗಿದರು. ಆಮೇಲೂ ಬೆಳಗಾಗಲಿ ಅಂತ ಕಾದೆ. ಆರು ಗಂಟೆಗೆ 999 ಒತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಕೇಳಿದ್ದು, ಇದು ಯಾವಾಗ ಶುರುವಾಯಿತು ಅಂತ. ರಾತ್ರಿ ಒಂಬತ್ತಕ್ಕೆ ಅಂದೆ. ಅವರು ಗೋಡೆಯ ಗಡಿಯಾರ ನೋಡಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆ, ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅಂದರು. ನಾನು ಭಾವನವರಿಗೆ ಫೋನ್ ಮಾಡುವ ಹೊತ್ತಿಗೇ ಅದು ಮೀರಿತ್ತು. ಕೇರಳದ ಒಬ್ಬ ನರ್ಸ್ ಪಕ್ಕಕ್ಕೆ ಕರೆದು, ಯಾಕೆ ಇಷ್ಟು ತಡ ಮಾಡಿದಿರಿ ಅಂತ ಕೇಳಿದಳು. ವೀಸಾ ಅಂದೆ. ಅವಳು ಏನೂ ಹೇಳಲಿಲ್ಲ. ನನ್ನ ಕೈ ಹಿಡಿದುಕೊಂಡು ನಿಂತಳು.

ಹನ್ನೆರಡನೇ ದಿನ ಮನೆಗೆ ಕಳಿಸಿದರು. ಸಾಲ ಕೊಡುವವರು ಯಾರು ಅಂತ ಯೋಚಿಸಿಕೊಂಡೇ, ಬಿಲ್ ಎಲ್ಲಿ ಕಟ್ಟಬೇಕು ಅಂತ ವಾರ್ಡಿನ ಗುಮಾಸ್ತೆಯನ್ನು ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾವ ಬಿಲ್ ಅಂದಳು. ನಂತರ ಆರು ವಾರ ಫಿಸಿಯೋದವರು ಮನೆಗೇ ಬಂದರು. ಒಂದು ಪೆನ್ನಿ ಕೇಳಲಿಲ್ಲ. ವೀಸಾ ಮುಂದುವರಿಸುವಾಗ ಆ ಆಸ್ಪತ್ರೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಮುಂದೆ ಐಎಲ್‌ಆರ್, ಅಂದರೆ ನೀನು ಪಿಆರ್ ಅನ್ನುವುದು, ಸಿಕ್ಕಿತು, ಪಾಸ್‌ಪೋರ್ಟೂ ಸಿಕ್ಕಿತು. ಇವರ ಬಲಗೈ ಮಾತ್ರ ವಾಪಸ್ ಸಿಗಲಿಲ್ಲ. ಎಡಗೈಯಲ್ಲಿ ಬರೆಯಲು ಕಲಿತರು. ಚಿತ್ರ ಬಿಡಿಸಲಿಲ್ಲ.

ಹಾಗಾಗಿ ಇದನ್ನು ಚೆನ್ನಾಗಿ ಮನಸ್ಸಿಗೆ ತೆಗೆದುಕೋ. "ಪಬ್ಲಿಕ್ ಫಂಡ್ಸ್" ಅನ್ನುವುದು ವಲಸೆ ಕಾನೂನಿನಲ್ಲಿ ಇರುವ ಒಂದು ಪಟ್ಟಿ. ಕಡಿಮೆ ಆದಾಯದವರಿಗೆ ಕೊಡುವ ಯೂನಿವರ್ಸಲ್ ಕ್ರೆಡಿಟ್, ನೀನು ಕೇಳಿದ ಮಗುವಿನ ಹಣ ಅಂದರೆ ಚೈಲ್ಡ್ ಬೆನಿಫಿಟ್, ಬಾಡಿಗೆಗೆ ಕೊಡುವ ಹಣ, ಊರಿನ ಕೌನ್ಸಿಲ್ ಕೊಡುವ ಮನೆ ಇಂಥವು ಅದರಲ್ಲಿವೆ. ಎನ್‌ಎಚ್‌ಎಸ್ ಆ ಪಟ್ಟಿಯಲ್ಲಿ ಇಲ್ಲ. ಸರ್ಕಾರಿ ಶಾಲೆಯೂ ಇಲ್ಲ. ನಿನ್ನ ಸಂಬಳದಲ್ಲಿ ಹಿಡಿಯುವ ಎನ್‌ಐ, ಅಂದರೆ ನ್ಯಾಷನಲ್ ಇನ್ಶೂರೆನ್ಸ್, ಕಟ್ಟಿದ್ದಕ್ಕೆ ಬರುವ ಪಿಂಚಣಿಯೂ ಇಲ್ಲ. ನಾವು ಬಂದಾಗ ಸರ್ಚಾರ್ಜ್ ಅನ್ನುವುದೇ ಇರಲಿಲ್ಲ, ಆಗಲೂ ನಮಗೆ ಆಸ್ಪತ್ರೆಯ ಹಕ್ಕಿತ್ತು. 2015ರ ಏಪ್ರಿಲ್‌ನಲ್ಲಿ ವರ್ಷಕ್ಕೆ 200 ಪೌಂಡ್ ಅಂತ ಶುರು ಮಾಡಿದರು. 2024ರ ಫೆಬ್ರವರಿಯಿಂದ ದೊಡ್ಡವರಿಗೆ 1,035, ಮಕ್ಕಳಿಗೆ 776. ನೀವಿಬ್ಬರು, ಮಗು, ಮೂರು ವರ್ಷ. ಲೆಕ್ಕ ಹಾಕಿದರೆ 8,538 ಪೌಂಡ್ ಮುಂಗಡ ಕಟ್ಟಿ ವಿಮಾನ ಹತ್ತಿದ್ದೀಯ. ಅದರ ಮೇಲೆ ಪ್ರತಿ ತಿಂಗಳು ತೆರಿಗೆ. ಎನ್‌ಎಚ್‌ಎಸ್ ಹೆಚ್ಚಾಗಿ ನಡೆಯುವುದು ತೆರಿಗೆಯಿಂದಲೇ. ಒಂದೇ ಊಟಕ್ಕೆ ಎರಡು ಸಲ ದುಡ್ಡು ಕಟ್ಟಿದವನು ಬಾಗಿಲಲ್ಲಿ ಯಾಕೆ ನಿಲ್ಲಬೇಕು ಹೇಳು.

ಇಲ್ಲಿ ಡಾಕ್ಟರ ಕ್ಲಿನಿಕ್ಕಿಗೆ ಸರ್ಜರಿ ಅನ್ನುತ್ತಾರೆ. ಬೋರ್ಡ್ ನೋಡಿ ಆಪರೇಷನ್ ಮಾಡುವ ಜಾಗ ಅಂತ ತಿಳಿಯಬೇಡ. ಮನೆ ಹತ್ತಿರದ ಸರ್ಜರಿಗೆ ಹೋಗಿ ಮೂವರ ಹೆಸರೂ ಬರೆಸು. ಹೆಸರು ಬರೆಸಲು ಗುರುತಿನ ಚೀಟಿ, ವಿಳಾಸದ ಪುರಾವೆ ಇರಲೇಬೇಕೆಂದಿಲ್ಲ, ಇದ್ದರೆ ತೋರಿಸು. ಅಲ್ಲಿನ ಡಾಕ್ಟರಿಗೆ ಜಿಪಿ ಅನ್ನುತ್ತಾರೆ; ಅವರನ್ನು ನೋಡಬೇಕಾದರೆ ಬೆಳಿಗ್ಗೆ ಎಂಟಕ್ಕೇ ಫೋನ್ ಹಿಡಿದು ಕೂರಬೇಕಾಗಬಹುದು. ಇಂಗ್ಲೆಂಡಿನಲ್ಲಿ ಒಂದೊಂದು ಔಷಧಕ್ಕೂ 9 ಪೌಂಡ್ 90 ಪೆನ್ಸ್ ಕೊಡಬೇಕು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಮಾಫಿ, ಬಿಪಿಗೆ ಇಲ್ಲ. ನಿನ್ನ ಮಾತ್ರೆ ಎರಡು ಮೂರು ಬಗೆಯದಾದರೆ ವರ್ಷದ ಔಷಧಕ್ಕೆ ಮುಂಗಡ ಕಟ್ಟುವ ಪ್ರೀಪೇಮೆಂಟ್ ಸರ್ಟಿಫಿಕೇಟ್ ತೆಗೆದುಕೋ, ಉಳಿತಾಯ.

ಕಾಯುವುದು ನಿಜ. ಅದನ್ನು ಮುಚ್ಚಿಡುವುದಿಲ್ಲ. ತಜ್ಞರ ಚಿಕಿತ್ಸೆ 18 ವಾರದೊಳಗೆ ಶುರುವಾಗಬೇಕು ಅನ್ನುವುದು ನಿಯಮ, ಆ ಗುರಿ ಕೊನೆಯ ಸಲ ಮುಟ್ಟಿದ್ದು 2016ರಲ್ಲಿ. 2025ರಲ್ಲಿ ಇಂಗ್ಲೆಂಡಿನ ಕಾಯುವ ಪಟ್ಟಿ 70 ಲಕ್ಷ ದಾಟಿಯೇ ಇತ್ತು. ಇದನ್ನು ಸರಿ ಮಾಡುವುದು ಹೇಗೆ ಅನ್ನುವುದೇ ಇಲ್ಲಿನ ದೊಡ್ಡ ಜಗಳ. 2012ರಲ್ಲಿ ಒಂದು ಕಾನೂನು ಮಾಡಿ ಎನ್‌ಎಚ್‌ಎಸ್ ಇಂಗ್ಲೆಂಡ್ ಅಂತ ದೊಡ್ಡ ಸಂಸ್ಥೆ ಕಟ್ಟಿದರು. 2025ರ ಮಾರ್ಚ್‌ನಲ್ಲಿ ಪ್ರಧಾನಿ ಸ್ಟಾರ್ಮರ್ ಅದನ್ನೇ ಮುಚ್ಚುತ್ತೇವೆ ಅಂದರು. ಕಟ್ಟುವುದು, ಒಡೆಯುವುದು, ಹದಿನಾರು ವರ್ಷದಿಂದ ನೋಡುತ್ತಿದ್ದೇನೆ. ನನಗೆ ಅನ್ನಿಸುವುದು ಇಷ್ಟು. ಆಸ್ಪತ್ರೆಯ ಮೇಲಿನ ಬೋರ್ಡ್ ಬದಲಾಯಿಸಿದರೆ ಒಳಗೆ ನರ್ಸ್ ಹೆಚ್ಚಾಗುವುದಿಲ್ಲ. ವಾರ್ಡಿನಲ್ಲಿ ಜನ ಬೇಕು. ಹಾಗೆ ಬರುವ ಜನರಲ್ಲಿ ಎಷ್ಟೋ ಮಂದಿ ನಮ್ಮ ಕಡೆಯವರೇ.

ಹಾರಾಟದ ಬಗ್ಗೆ ಕೇಳಿದ್ದೀಯ. ನಮ್ಮ ಕಡೆ ಬಿಟ್ಟಿ ಭಾಗ್ಯ ಅಂತ ಬೈಯುವುದನ್ನು ನೀನು ಕೇಳಿರುತ್ತೀಯ. 2023ರಲ್ಲಿ ಹೆಂಗಸರಿಗೆ ಬಸ್ಸು ಉಚಿತ ಮಾಡಿದಾಗ ನಮ್ಮಣ್ಣನೇ ಫೋನಿನಲ್ಲಿ ಒಂದು ಗಂಟೆ ಬೈದ, ಜನ ಸೋಮಾರಿಗಳಾಗುತ್ತಾರೆ ಅಂತ. ಈಗ ನಮ್ಮಮ್ಮ ಅದೇ ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬರುತ್ತಾರೆ, ಮಗನ ಮುಂದೆ ಕೈ ಚಾಚದೆ. ಊರಲ್ಲಿ ಬಡವರ ಮೇಲೆ ಬೀಳುವ ಆ ಮಾತು ಇಲ್ಲಿ ನಮ್ಮ ಮೇಲೆ ಬೀಳುತ್ತದೆ. ಆಗ ಮಾತ್ರ ಅದರ ಉರಿ ಗೊತ್ತಾಗುವುದು. ಈ ದೇಶದ ಬೆನಿಫಿಟ್ ಪದ್ಧತಿಗೆ 1942ರ ವರದಿಯಲ್ಲಿ ಬುನಾದಿ ಹಾಕಿದ ಬೆವರಿಜ್ ಹುಟ್ಟಿದ್ದು ಬಂಗಾಳದ ರಂಗಪುರದಲ್ಲಿ, ಗೊತ್ತಾ? 1948ರ ಜುಲೈ 5ರಂದು ಆಗಿನ ಆರೋಗ್ಯ ಮಂತ್ರಿ ಬೆವನ್ ಎನ್‌ಎಚ್‌ಎಸ್ ಶುರು ಮಾಡಿದರು. ಆಮೇಲೆ ವೇಲ್ಸ್‌ನ ಗಣಿ ಊರುಗಳಲ್ಲಿ, ಇಲ್ಲಿನವರು ಹೋಗಲು ಒಪ್ಪದ ಬಡ ಬೀದಿಗಳಲ್ಲಿ ಸರ್ಜರಿ ತೆರೆದು ಕೂತವರಲ್ಲಿ ಭಾರತದಿಂದ ಬಂದ ಡಾಕ್ಟರುಗಳು ಬಹಳ. ಕೋವಿಡ್‌ನಲ್ಲಿ ಮೊದಮೊದಲು ಜೀವ ಕೊಟ್ಟ ಡಾಕ್ಟರುಗಳಲ್ಲೂ ವಲಸೆ ಬಂದವರೇ ಹೆಚ್ಚು. 2020ರ ಮೇನಲ್ಲಿ ಆಸ್ಪತ್ರೆ ಸಿಬ್ಬಂದಿಯಿಂದ ಸರ್ಚಾರ್ಜ್ ಕೀಳುವುದನ್ನು ಸರ್ಕಾರ ಬಿಟ್ಟದ್ದು ಆಗಲೇ, ಅದೂ ಒತ್ತಾಯಕ್ಕೆ.

ಲಂಡನ್ನಿಗೆ ಹೋದರೆ ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ ಥೇಮ್ಸ್ ದಂಡೆಯ ಗೋಡೆ ನೋಡು. ಕೋವಿಡ್‌ನಲ್ಲಿ ಹೋದ ಒಬ್ಬೊಬ್ಬರಿಗೂ ಒಂದೊಂದು ಕೆಂಪು ಹೃದಯ ಬರೆದಿದ್ದಾರೆ. ಹಾಗೇ ಅದೇ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆ ಹತ್ತದೆ ಅದನ್ನು ಹಾದು ಮುಂದೆ ನಡೆದರೆ ನಮ್ಮ ಬಸವಣ್ಣ ಸಿಗುತ್ತಾರೆ, 2015ರಲ್ಲಿ ನಿಲ್ಲಿಸಿದ ಪ್ರತಿಮೆ. ನಾವಿಬ್ಬರೂ ವರ್ಷಕ್ಕೊಮ್ಮೆ ಆ ದಾರಿಯಲ್ಲಿ ನಡೆಯುತ್ತೇವೆ. ಅಲ್ಲಿ ನಿಂತಾಗ ಇವರು ಒಂದು ಸಲ ಹೇಳಿದರು, ದುಡಿದು ತಂದು ನಡುವೆ ಇಟ್ಟು ಎಲ್ಲರೂ ಉಣ್ಣುವುದು ದಾಸೋಹ, ಭಿಕ್ಷೆ ಅಲ್ಲ, ಆ ರಾತ್ರಿ ನಮಗೆ ಅದು ಹೊಳೆಯಲಿಲ್ಲ ನೋಡು ಅಂತ.

ಹೆದರಿಕೆಗೆ ಕಾರಣವೇ ಇಲ್ಲ ಅಂತ ಹೇಳಲಾರೆ. ನಮಗೆ ಐದು ವರ್ಷಕ್ಕೆ ಐಎಲ್‌ಆರ್ ಸಿಕ್ಕಿತು. 2025ರಲ್ಲಿ ಸರ್ಕಾರ ಅದನ್ನು ಹತ್ತು ವರ್ಷ ಮಾಡುವ ಪ್ರಸ್ತಾಪ ತಂದಿತು, ಬೆನಿಫಿಟ್ ತೆಗೆದುಕೊಂಡವರು ಇನ್ನೂ ಜಾಸ್ತಿ ಕಾಯಬೇಕು ಅಂತಲೂ ಸೇರಿಸಿತು. ವಲಸೆಯನ್ನು ವಿರೋಧಿಸುವ ರಿಫಾರ್ಮ್ ಪಕ್ಷದವರು ಐಎಲ್‌ಆರ್ ಅನ್ನೇ ತೆಗೆಯುತ್ತೇವೆ ಅಂದಿದ್ದಾರೆ. ಅದಕ್ಕೇ ಚೈಲ್ಡ್ ಬೆನಿಫಿಟ್ ಕಡೆ ಹೋಗಲೇಬೇಡ. ವಾರಕ್ಕಿಷ್ಟು ಅಂತ ಬರುವ ಆ ಸಣ್ಣ ಹಣಕ್ಕೆ ವೀಸಾ ಕಳೆದುಕೊಳ್ಳಬೇಡ. ಯಾರೋ ಸ್ನೇಹಿತ ತೆಗೆದುಕೊಳ್ಳುತ್ತಿದ್ದಾನೆ ಅಂದರೂ ಕೇಳಬೇಡ. ಮಗುವಿಗೆ ಮೂರು ತುಂಬಿದ ಮೇಲೆ ನರ್ಸರಿಯಲ್ಲಿ ವಾರಕ್ಕೆ 15 ಗಂಟೆ ಎಲ್ಲರಿಗೂ ಉಚಿತ, ಅದನ್ನು ಬಿಡಬೇಡ. ಎನ್‌ಐ ಹತ್ತು ವರ್ಷ ತುಂಬಿದರೆ ಸ್ವಲ್ಪ ಪಿಂಚಣಿ, 35ಕ್ಕೆ ಪೂರ್ತಿ. ಆದರೆ ಊರಿಗೆ ಹೋಗಿ ನೆಲೆಸಿದರೆ ಅದು ಇದ್ದಲ್ಲೇ ನಿಲ್ಲುತ್ತದೆ, ವರ್ಷವರ್ಷ ಏರುವುದಿಲ್ಲ. ಮುಂದೆ ಹೋಗಿ ಇರೋಣ ಅಂತ ಅರಸೀಕೆರೆಯಲ್ಲಿ ಮನೆ ಕಟ್ಟಿಸಿಟ್ಟಿರುವ ನಮಗೆ ಇದು ದಿನಾ ಕಾಡುವ ಲೆಕ್ಕ.

ಅಮ್ಮನ ವಿಷಯ. ಆಸೆ ಇಟ್ಟುಕೊಳ್ಳಬೇಡ ಅಂತ ಹೇಳಲು ನನಗೂ ಕಷ್ಟವಾಗುತ್ತದೆ. 2012ರ ಜುಲೈನಿಂದ ತಂದೆ ತಾಯಿಯನ್ನು ಕರೆಸಿಕೊಳ್ಳುವ ಬಾಗಿಲು ಹೆಚ್ಚೂ ಕಡಿಮೆ ಮುಚ್ಚಿದೆ. ನೀನು ಇಲ್ಲಿ ನೆಲೆಸಿದವನಾಗಿರಬೇಕು. ಅವರಿಗೆ ಸ್ನಾನ ಊಟಕ್ಕೂ ಬೇರೆಯವರ ಕೈ ಬೇಕಾಗಿರಬೇಕು, ನೀನು ದುಡ್ಡು ಕಳಿಸಿದರೂ ಆ ಆರೈಕೆ ಊರಲ್ಲಿ ಸಿಗುವಂತಿಲ್ಲ ಅಂತ ತೋರಿಸಬೇಕು. ಉಳಿದಿರುವುದು ವಿಸಿಟರ್ ವೀಸಾ, ಆರು ತಿಂಗಳು. ಬರುವ ಮೊದಲೇ ಇನ್ಶೂರೆನ್ಸ್ ಮಾಡಿಸು, ಹಳೆಯ ಕಾಯಿಲೆಗೆ ಕೊಡುತ್ತಾರಾ ಅಂತ ಓದಿ ನೋಡು. ಎ ಅಂಡ್ ಇ, ಅಂದರೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನೋಡುವುದು ಉಚಿತ. ಅಡ್ಮಿಟ್ ಆದರೆ ಎನ್‌ಎಚ್‌ಎಸ್‌ಗೆ ತಗಲುವ ಖರ್ಚಿನ ಒಂದೂವರೆ ಪಟ್ಟು ಬಿಲ್ ಬರುತ್ತದೆ. 500 ಪೌಂಡ್ ಮೇಲಿನ ಬಾಕಿ ಉಳಿದರೆ ಮುಂದಿನ ವೀಸಾಕ್ಕೆ ಅಡ್ಡ ಬರುತ್ತದೆ. ಇದು ವಿಸಿಟರ್‌ಗಳ ಕಥೆ. ನಿನ್ನದಲ್ಲ. ಇವೆರಡನ್ನೂ ಕಲಸಿಕೊಂಡೇ ಎಷ್ಟೋ ಜನ ಹೆದರುವುದು.

ಬಂದು ಆರು ವಾರ ಅಂದೆ. ಮೂರು ತಿಂಗಳ ಮಾತ್ರೆಯಲ್ಲಿ ಅರ್ಧ ಖಾಲಿಯಾಗಿರುತ್ತದೆ. ಹೊಸ ಜಿಪಿ ನೋಡಿ ಬರೆದುಕೊಡಲು ಎರಡು ಮೂರು ವಾರ ಹಿಡಿಯಬಹುದು. ಸೋಮವಾರ ರಜೆ ಹಾಕಿಯಾದರೂ ಹೋಗು. ಊರಿನ ಡಾಕ್ಟರ್ ಚೀಟಿ, ಮಾತ್ರೆಯ ಖಾಲಿ ಹಾಳೆ ಎರಡನ್ನೂ ಜೇಬಿನಲ್ಲಿಟ್ಟುಕೊಂಡು ಹೋಗು, ಇಲ್ಲಿ ಅದೇ ಮಾತ್ರೆಗೆ ಹೆಸರು ಬೇರೆ ಇರಬಹುದು. ಸರ್ಜರಿಯಿಂದ ಹೊರಗೆ ಬಂದ ತಕ್ಷಣ ನನಗೊಂದು ಮೆಸೇಜ್ ಹಾಕು, ರಾತ್ರಿಯಾದರೂ ಕಾಯುತ್ತಿರುತ್ತೇನೆ.

ರೆಡಿಂಗ್‌ನಿಂದ,
ನಿನ್ನ ಅಕ್ಕ